ಕವಾಯತಿನಿಂದ ದೈಹಿಕ ಶಿಕ್ಷಣದವರೆಗೆ: ಕನ್ನಡ ನಾಡಿನ ಶಾಲೆಗಳಲ್ಲಿ ವ್ಯಾಯಾಮ ಮತ್ತು ಆರೋಗ್ಯ

ಕರ್ನಾಟಕದ ಸರ್ಕಾರಿ ಶಾಲೆಗಳ ದೈಹಿಕ ಶಿಕ್ಷಣಕ್ಕೆ ಮೂಲ ಒಂದೇ ಅಲ್ಲ. ಸೈನ್ಯದ ಕವಾಯತು, ಊರಿನ ಗರಡಿ, ವೈ.ಎಂ.ಸಿ.ಎ. ಬಳಕೆಗೆ ತಂದ ಆಟಗಳು, ಯೋಗಾಸನ ಇವೆಲ್ಲ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಆಡಳಿತಗಳ ಕೈಯಿಂದ ಶಾಲೆಯ ಅಂಗಳಕ್ಕೆ ಬಂದವು. ಮಕ್ಕಳ ಆರೋಗ್ಯ ತಪಾಸಣೆ ಮತ್ತು ಊಟದ ವ್ಯವಸ್ಥೆಗಳು ಇವುಗಳ ಜೊತೆಗೆ ಬೆಳೆಯದೆ ತಮ್ಮದೇ ದಾರಿ ಹಿಡಿದವು.

ಕೂಲಿಮಠಗಳ ಕಾಲದಲ್ಲಿ ಓದು, ಬರಹ, ಲೆಕ್ಕಗಳಷ್ಟೇ ಮಠದ ಕೆಲಸ. ಮೈ ಬೆಳೆಸುವುದು ಗರಡಿಮನೆಗೆ ಸೇರಿದ್ದು. ದಂಡ, ಬಸ್ಕಿ, ಸಾಮು, ಕುಸ್ತಿಗಳನ್ನು ಉಸ್ತಾದರು ಕಲಿಸುತ್ತಿದ್ದರು. ಅಲ್ಲಿಗೆ ಹೋಗುತ್ತಿದ್ದವರು ಗಂಡುಮಕ್ಕಳು, ಹುಡುಗಿಯರಿಗೆ ಪ್ರವೇಶವಿರಲಿಲ್ಲ. ಅಕ್ಷರ ಕಲಿಯುವ ಜಾಗಕ್ಕೂ ಮೈ ಪಳಗಿಸುವ ಜಾಗಕ್ಕೂ ಸಂಬಂಧವೇ ಇರಲಿಲ್ಲ.

ಈ ಎರಡನ್ನೂ ಒಂದೇ ಕಟ್ಟಡಕ್ಕೆ ತರುವ ಮಾತು ಆಡಳಿತದ ಕಾಗದಗಳಲ್ಲಿ ಸ್ಪಷ್ಟವಾಗಿ ಕಾಣಿಸಿಕೊಂಡದ್ದು 1882ರ ಹಂಟರ್ ಆಯೋಗದಿಂದ. ದೇಶಿ ಆಟ, ಜಿಮ್ನಾಸ್ಟಿಕ್ಸ್, ಶಾಲಾ ಡ್ರಿಲ್‌ಗಳನ್ನು ಪ್ರೋತ್ಸಾಹಿಸಬೇಕೆಂದು ಆಯೋಗ ಶಿಫಾರಸು ಮಾಡಿತು. ಮೂರರಲ್ಲಿ ನೆಲೆಯೂರಿದ್ದು ಮುಖ್ಯವಾಗಿ ಡ್ರಿಲ್. ಅದಕ್ಕೆ ಸಲಕರಣೆ ಬೇಡ, ಖರ್ಚಿಲ್ಲ. ಸೈನ್ಯದಿಂದ ನಿವೃತ್ತರಾದ ಹವಾಲ್ದಾರರು ಕಲಿಸಲು ಸಿಗುತ್ತಿದ್ದರು. ಸಾಲಾಗಿ ನಿಲ್ಲುವುದು, ಆಜ್ಞೆಗೆ ತಕ್ಕಂತೆ ಕೈಕಾಲು ಆಡಿಸುವುದು, ಹೆಜ್ಜೆ ಹಾಕುವುದು ಇದರ ಸ್ವರೂಪ. ಆರೋಗ್ಯಕ್ಕಿಂತ ಶಿಸ್ತಿಗೇ ಇಲ್ಲಿ ಹೆಚ್ಚು ಬೆಲೆ. ಕಾಲ ಬದಲಾದರೂ ‘ಡ್ರಿಲ್ ಮೇಷ್ಟ್ರು’ ಎಂಬ ಹೆಸರು ಬಹುಕಾಲ ಉಳಿಯಿತು.

ಮದ್ರಾಸ್ ಪ್ರಾಂತ್ಯದಲ್ಲಿ ಈ ಪದ್ಧತಿಗೆ ಬದಲಾವಣೆ ತಂದವರು ಅಮೆರಿಕದ ಹ್ಯಾರಿ ಕ್ರೋ ಬಕ್. 1920ರಲ್ಲಿ ಅವರು ಮದ್ರಾಸಿನಲ್ಲಿ ವೈ.ಎಂ.ಸಿ.ಎ. ಆಶ್ರಯದಲ್ಲಿ ದೈಹಿಕ ಶಿಕ್ಷಣ ತರಬೇತಿ ಶಾಲೆ ಆರಂಭಿಸಿದರು. ಅದು ಮುಂದೆ ಸೈದಾಪೇಟೆಯಲ್ಲಿ ಹೆಸರಾಂತ ಕಾಲೇಜಾಗಿ ಬೆಳೆಯಿತು. ಕವಾಯತಿಗಿಂತ ಆಟದಲ್ಲಿ ಮಗುವಿನ ಮೈಮನಸ್ಸು ಚೆನ್ನಾಗಿ ಬೆಳೆಯುತ್ತದೆ ಎಂಬುದು ಅವರ ನಿಲುವು. ವಾಲಿಬಾಲ್, ಬ್ಯಾಸ್ಕೆಟ್‌ಬಾಲ್, ಅಥ್ಲೆಟಿಕ್ಸ್ ಜೊತೆಗೆ ದೇಶಿ ಆಟಗಳಿಗೂ ಅಲ್ಲಿ ಜಾಗವಿತ್ತು. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಆಗ ಮದ್ರಾಸಿಗೆ ಸೇರಿದ್ದರಿಂದ ಈ ಹೊಸ ಗಾಳಿ ಅತ್ತ ಕಡೆಗೂ ಬೀಸಿತು.

ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. 1937ರಲ್ಲಿ ಅಧಿಕಾರಕ್ಕೆ ಬಂದ ಕಾಂಗ್ರೆಸ್ ಸರ್ಕಾರ ದೈಹಿಕ ಶಿಕ್ಷಣದ ಬಗ್ಗೆ ಸಲಹೆ ನೀಡಲು ಲೋಣಾವಳದ ಕೈವಲ್ಯಧಾಮದ ಸ್ವಾಮಿ ಕುವಲಯಾನಂದರ ನೆರವು ಪಡೆಯಿತು. ಮರುವರ್ಷ ಕಾಂದಿವಲಿಯಲ್ಲಿ ಶಿಕ್ಷಕರ ತರಬೇತಿ ಸಂಸ್ಥೆ ಶುರುವಾಯಿತು. ಲೇಜಿಮು, ಮಲ್ಲಕಂಬ, ಖೊ ಖೊ, ಹುತುತು ಈ ಭಾಗದ ಶಾಲೆಗಳಲ್ಲಿ ಗಟ್ಟಿಯಾಗಿ ಬೇರೂರಲು ಮರಾಠಿ ಸೀಮೆಯ ಒಡನಾಟವೇ ಕಾರಣ.

ಮೈಸೂರು ಸಂಸ್ಥಾನದ ಕಥೆ ಬೇರೆ. ನಾಲ್ವಡಿ ಕೃಷ್ಣರಾಜ ಒಡೆಯರ ಪೋಷಣೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸತೊಡಗಿದರು. ಅವರ ‘ಯೋಗ ಮಕರಂದ’ 1934ರಲ್ಲಿ ಕನ್ನಡದಲ್ಲೇ ಪ್ರಕಟವಾಯಿತು. ಹುಡುಗರಿಗೆ ಒಂದರ ಹಿಂದೊಂದು ಆಸನಗಳನ್ನು ಚುರುಕಾಗಿ ಮಾಡಿಸುವ ಕ್ರಮ ಅಲ್ಲಿ ರೂಪುಗೊಂಡಿತು. ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ತಮ್ಮ ವ್ಯಾಯಾಮಶಾಲೆಯಲ್ಲಿ ಭಾರ ಎತ್ತುವ ಸಾಧನೆಗೆ ಸೂರ್ಯನಮಸ್ಕಾರವನ್ನು ಬೆಸೆದರು. ಇವೆರಡೂ ಸಾರ್ವಜನಿಕ ಶಾಲೆಗಳಲ್ಲ. ಆದರೂ ಯೋಗವನ್ನು ಮಕ್ಕಳ ವ್ಯಾಯಾಮವಾಗಿ ಕಾಣುವ ರೂಢಿಗೆ ಇಂಥ ಪ್ರಯೋಗಗಳು ಹಾದಿ ಮಾಡಿದವು.

ಸ್ವಾತಂತ್ರ್ಯದ ನಂತರ ಕವಾಯತು ಮತ್ತೆ ಮುನ್ನೆಲೆಗೆ ಬಂತು. 1948ರಲ್ಲಿ ಎನ್.ಸಿ.ಸಿ., 1954ರಲ್ಲಿ ಆಜಾದ್ ಹಿಂದ್ ಫೌಜಿನ ಜನರಲ್ ಜೆ.ಕೆ. ಭೋಂಸ್ಲೆ ರೂಪಿಸಿದ ರಾಷ್ಟ್ರೀಯ ಶಿಸ್ತು ಯೋಜನೆ ಬಂದವು. ಒಂದೇ ಶಾಲೆಯಲ್ಲಿ ಹಲವು ಯೋಜನೆಗಳು ಪೈಪೋಟಿಗಿಳಿದಾಗ ಅವನ್ನು ಒಗ್ಗೂಡಿಸುವ ದಾರಿಯನ್ನು ಹೃದಯನಾಥ ಕುಂಜ್ರು ಸಮಿತಿ ಸೂಚಿಸಿತು; 1965ರಲ್ಲಿ ರಾಷ್ಟ್ರೀಯ ಫಿಟ್‌ನೆಸ್ ಕೋರ್ ಜಾರಿಗೆ ಬಂತು. ಈ ನಡುವೆ 1956ರ ಏಕೀಕರಣ ಮೈಸೂರು, ಮುಂಬಯಿ, ಮದ್ರಾಸ್, ಹೈದರಾಬಾದ್, ಕೊಡಗುಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳ ಶಾಲೆಗಳನ್ನು ಒಂದೇ ಆಡಳಿತದಡಿ ತಂದಿತ್ತು.

ಆರೋಗ್ಯ ತಪಾಸಣೆಯ ಚರಿತ್ರೆ ಇದಕ್ಕೆ ಸಮಾನಾಂತರವಾದದ್ದು. ಭಾರತದಲ್ಲಿ ಶಾಲಾ ಮಕ್ಕಳ ವೈದ್ಯಕೀಯ ಪರೀಕ್ಷೆ ಮೊದಲು ನಡೆದದ್ದು 1909ರಲ್ಲಿ, ಬರೋಡಾ ನಗರದಲ್ಲಿ. 1946ರ ಭೋರ್ ಸಮಿತಿ ನೋಡಿದಾಗಲೂ ದೇಶದಲ್ಲಿ ಶಾಲಾ ಆರೋಗ್ಯ ಸೇವೆ ಇಲ್ಲವೆನ್ನುವಷ್ಟು ಕ್ಷೀಣವಾಗಿತ್ತು. 1960ರಲ್ಲಿ ರೇಣುಕಾ ರೇ ಅಧ್ಯಕ್ಷತೆಯಲ್ಲಿ ರಚನೆಯಾದ ಸಮಿತಿ ಮಕ್ಕಳ ಆರೋಗ್ಯ ಮತ್ತು ಪೌಷ್ಟಿಕತೆ ಎರಡನ್ನೂ ಪರಿಶೀಲಿಸಿತು. ಶಾಲೆಗೇ ತಂಡ ಹೋಗಿ ಮಕ್ಕಳನ್ನು ಪರೀಕ್ಷಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾದದ್ದು 2013ರಲ್ಲಿ. ಜಂತುಹುಳು ನಿವಾರಣಾ ದಿನ 2015ರಲ್ಲಿ.

ಹಸಿದ ಮಗುವಿಗೆ ವ್ಯಾಯಾಮ ದಂಡನೆಯೇ ಸರಿ. ಆ ಕೊರತೆಯನ್ನು ತುಂಬತೊಡಗಿದ್ದು ಬಿಸಿಯೂಟ. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರಿನಲ್ಲಿ ಆದೇಶಿಸಿದ ಮೇಲೆ, 2002ರಲ್ಲಿ ಕರ್ನಾಟಕದ ಹಿಂದುಳಿದ 7 ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಗಿ ಮುಂದೆ ರಾಜ್ಯಕ್ಕೆಲ್ಲ ಹಬ್ಬಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು. 2021ರ ಕೊನೆಗೆ ಅಪೌಷ್ಟಿಕತೆ ಹೆಚ್ಚಿರುವ ಜಿಲ್ಲೆಗಳಲ್ಲಿ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡುವುದು ಆರಂಭವಾಗಿ ಆಮೇಲೆ ಉಳಿದೆಡೆಗೂ ವಿಸ್ತರಿಸಿತು.

ಕ್ರೀಡಾಕೂಟಗಳ ಏರ್ಪಾಡೂ ಜೊತೆಜೊತೆಗೆ ಬೆಳೆಯಿತು. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳನ್ನು ಹತ್ತುವ ಈ ಸ್ಪರ್ಧೆಗಳಿಂದ ಹಳ್ಳಿಯ ಪ್ರತಿಭೆಗಳು ಹೊರಬಂದದ್ದುಂಟು. ಆದರೆ ಗೆಲ್ಲಬಲ್ಲ ಕೆಲವರ ಮೇಲೆ ಗಮನ ನೆಟ್ಟಾಗ ಉಳಿದ ಮಕ್ಕಳ ವ್ಯಾಯಾಮ ಹಿಂದೆ ಬೀಳುವುದೂ ಸಹಜ. ಎಲ್ಲ ಮಕ್ಕಳಿಗೂ ಆಟದ ಅವಕಾಶ ಕಾನೂನಿನ ಮಾತಾದದ್ದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ. ಆಟದ ಮೈದಾನ ಮತ್ತು ಆಟದ ಸಾಮಾನುಗಳು ಅದರ ಅನುಸೂಚಿಯಲ್ಲಿವೆ. ಆದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅದು ಹೇಳುವುದು ಅರೆಕಾಲಿಕ ಬೋಧಕರನ್ನು. ಅದೂ 6ರಿಂದ 8ನೇ ತರಗತಿಗಳಲ್ಲಿ ಮಕ್ಕಳ ಸಂಖ್ಯೆ 100 ದಾಟಿದರೆ ಮಾತ್ರ. ಹೀಗಾಗಿ ಸಣ್ಣ ಶಾಲೆಗಳಲ್ಲಿ ಮಕ್ಕಳನ್ನು ಆಡಿಸುವ ಹೊಣೆ ಪಾಠ ಹೇಳುವ ಶಿಕ್ಷಕರ ಮೇಲೆಯೇ ಉಳಿದಿದೆ.