ಗಾಡಿಯೂ ಕಟ್ಟಳೆಯೂ

ಜಿಮ್ಖಾನಾ ಎಂಬುದು ನಮ್ಮ ಪಟ್ಟಣಿಗರಿಗೆ ಹೊಸ ಮಾತಲ್ಲ. ಟೆನಿಸು, ಇಸ್ಪೀಟು, ಸಂಜೆಯ ಹರಟೆ, ಇವು ನಡೆಯುವ ಕ್ಲಬ್ಬೆಂದೇ ಅದಕ್ಕೆ ನಾವು ಕೊಡುವ ಅರ್ಥ. ಚೆಂಡಿನ ಮನೆ ಎನ್ನುವ ‘ಗೇಂದ್‌ಖಾನಾ’ ಎಂಬ ಹಿಂದೂಸ್ಥಾನಿ ಪದಕ್ಕೆ ಇಂಗ್ಲಿಷಿನ ‘ಜಿಮ್ನಾಸ್ಟಿಕ್ಸ್’ನ ತಲೆಯನ್ನು ಕಸಿ ಮಾಡಿ ಈ ಮಾತು ಹುಟ್ಟಿತೆಂದು ‘ಹಾಬ್ಸನ್-ಜಾಬ್ಸನ್’ ನಿಘಂಟು ಹೇಳುತ್ತದೆ. ಅದು ಕಂಡುಹಿಡಿದ ಮೊದಲ ಬಳಕೆ 1861ರಲ್ಲಿ, ರೂರ್ಕಿ ಪಟ್ಟಣದಲ್ಲಿ. ದಂಡಿನ ಊರುಗಳ ಅಧಿಕಾರಿಗಳು ಬಿಡುವಿನ ವೇಳೆಯಲ್ಲಿ ಕುದುರೆಯೇರಿ ಚಮತ್ಕಾರದ ಪಂದ್ಯಗಳನ್ನಾಡುತ್ತಿದ್ದರು. ನೆಟ್ಟ ಕೋಲುಗಳ ನಡುವೆ ಕುದುರೆಯನ್ನು ಸುಳಿಸಿಕೊಂಡು ಹೋಗುವುದು ಇಂಥ ಪಂದ್ಯಗಳಲ್ಲೊಂದು. ಮಾತು ಹಡಗೇರಿ ಇಂಗ್ಲೆಂಡಿಗೆ ಹೋಯಿತು, ಅಲ್ಲಿಂದ ಅಮೆರಿಕಕ್ಕೂ ದಾಟಿತು. ಕಾಲಕ್ರಮದಲ್ಲಿ ಕುದುರೆಯ ಸ್ಥಾನಕ್ಕೆ ಮೋಟಾರು ಗಾಡಿ ಬಂದಿತು, ಕೋಲಿನ ಸ್ಥಾನಕ್ಕೆ ಕಿತ್ತಳೆ ಬಣ್ಣದ ಶಂಕು. ಅಮೆರಿಕದವರು ಆಟೋಕ್ರಾಸ್ ಎಂದು ಕರೆಯುವ ಹವ್ಯಾಸಿ ಪಂದ್ಯದ ವಂಶವೃಕ್ಷದಲ್ಲಿ ಹೀಗೆ ನಮ್ಮ ದೇಶದ ಒಂದು ಬೇರೂ ಉಂಟು.

ಆಟದ ಬಗೆ ಸರಳವಾದುದು. ಹಳೆಯ ವಿಮಾನ ನಿಲ್ದಾಣದ ಕಾಂಕ್ರೀಟು ಹಾಸಿನ ಮೇಲೋ, ರಜೆಯ ದಿನ ಬರಿದಾದ ಕಾರು ನಿಲ್ಲಿಸುವ ಬಯಲಿನ ಮೇಲೋ ಶಂಕುಗಳನ್ನಿಟ್ಟು ಹಾವಿನಂತೆ ಬಳುಕುವ ಹಾದಿಯನ್ನು ರಚಿಸುತ್ತಾರೆ. ಸ್ಪರ್ಧಿಗಳು ಒಬ್ಬೊಬ್ಬರಾಗಿ ಹೊರಡಬೇಕು, ಎದುರಾಳಿ ಗಡಿಯಾರವೊಂದೇ. ಓಟ ಹೆಚ್ಚೆಂದರೆ ಒಂದು ನಿಮಿಷದ ಆಸುಪಾಸು. ಕೆಡವಿದ ಪ್ರತಿ ಶಂಕುವಿಗೂ ಎರಡು ಸೆಕೆಂಡು ದಂಡ. ಗಾಡಿಗೆ ಗಾಡಿ ತಾಗುವ ಭಯವಿಲ್ಲ. ವಾರವೆಲ್ಲ ಕಚೇರಿಗೆ ಹೋದ ಕಾರಿನಲ್ಲೇ ಭಾನುವಾರ ಪಂದ್ಯಕ್ಕೆ ಹೋಗಿ, ಅದೇ ಕಾರಿನಲ್ಲಿ ಮನೆಗೆ ಮರಳಬಹುದು. ಮೋಟಾರು ಪಂದ್ಯಗಳಲ್ಲಿ ಗೃಹಸ್ಥನ ಕೈಗೆಟಕುವ ಪಂದ್ಯವೊಂದಿದ್ದರೆ ಅದು ಇದೇ.

ರೋಡ್‌ಸ್ಟರ್ ಎಂಬ ಹೆಸರೂ ಕುದುರೆಯಿಂದಲೇ ಬಂದದ್ದು. ದಾರಿಯ ಸವಾರಿಗೆ ಯೋಗ್ಯವಾದ ಕುದುರೆಗೆ ಇಂಗ್ಲಿಷಿನಲ್ಲಿ ಆ ಹೆಸರಿತ್ತು. ಆಮೇಲೆ ಅದು ಸೈಕಲ್ಲಿಗೆ ಬಂದಿತು. ನಮ್ಮ ಊರುಗಳಲ್ಲಿ ಹಾಲಿನವನೂ ಅಂಚೆಯವನೂ ಮೇಷ್ಟರೂ ತುಳಿದ ಕಪ್ಪು ಸೈಕಲ್ಲು ಆ ಜಾತಿಯದೇ. ಕೊನೆಗೆ ಎರಡೇ ಆಸನಗಳುಳ್ಳ, ಮೇಲ್ಹೊದಿಕೆಯನ್ನು ಮಡಿಸಿಡಬಹುದಾದ ಹಗುರ ಕಾರಿಗೆ ಅದು ನಿಂತಿತು. ಶಂಕುಗಳ ನಡುವೆ ಓಡಲು ಇದಕ್ಕಿಂತ ತಕ್ಕ ಗಾಡಿಯಿಲ್ಲವೆಂದು ನೋಡಿದೊಡನೆ ಅನಿಸುತ್ತದೆ. ಆದರೆ ಯಾವ ರೋಡ್‌ಸ್ಟರು? ಈ ಪ್ರಶ್ನೆಗೆ ಎಂಜಿನಿಯರು ಕೊಡುವ ಉತ್ತರವೇ ಬೇರೆ, ಪಂದ್ಯದ ಕಟ್ಟಳೆ ಕೊಡುವ ಉತ್ತರವೇ ಬೇರೆ ಎಂಬುದನ್ನು ಈ ಆಟದ ಚರಿತ್ರೆ ತೋರಿಸುತ್ತದೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದವರಿಗೆ ಇಂಗ್ಲೆಂಡಿನ ಪುಟ್ಟ ಕಾರುಗಳ ಹುಚ್ಚು ಹಿಡಿಯಿತು. 1945ರಿಂದ 1949ರವರೆಗೆ ತಯಾರಾದ ಎಂ.ಜಿ. ಟಿ.ಸಿ. ಕಾರಿನ ಎಂಜಿನು 1,250 ಘನ ಸೆಂಟಿಮೀಟರಿನದು. ಶಕ್ತಿ ಸುಮಾರು 54 ಅಶ್ವಶಕ್ತಿ. ಬಲಗಡೆ ಚುಕ್ಕಾಣಿಯ ಗಾಡಿಯನ್ನಲ್ಲದೆ ಬೇರೆ ಬಗೆಯನ್ನು ಕಂಪನಿ ಮಾಡಲೇ ಇಲ್ಲ. ಒಟ್ಟು ಹತ್ತು ಸಾವಿರದಷ್ಟು ಗಾಡಿಗಳಲ್ಲಿ ಎರಡು ಸಾವಿರದಷ್ಟು ಎಡಗಡೆ ಚುಕ್ಕಾಣಿಯ ಅಮೆರಿಕಕ್ಕೇ ಹೋದವು! 1944ರಲ್ಲಿ ಹುಟ್ಟಿದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಎಂಬ ಹವ್ಯಾಸಿಗಳ ಸಂಘಕ್ಕೆ ಇಂಥ ಗಾಡಿಗಳು ಬಲ ತಂದವು. 1958ರಲ್ಲಿ ಆಸ್ಟಿನ್-ಹೀಲಿ ಸ್ಪ್ರೈಟ್ ಬಂದಿತು. ನಮ್ಮ ಹಿರಿಯರು ಕಂಡಿದ್ದ ಮಾರಿಸ್ ಮೈನರಿನ ಚುಕ್ಕಾಣಿಯ ಸಲಕರಣೆಯೇ ಅದರದೂ. 948 ಘನ ಸೆಂಟಿಮೀಟರಿನ ಎಂಜಿನಿನಿಂದ ಹೊರಡುತ್ತಿದ್ದುದು 43 ಅಶ್ವಶಕ್ತಿ. ಆದರೆ ತೂಕ ಏಳುನೂರು ಕಿಲೋಗ್ರಾಮಿಗೂ ಕಡಮೆ. ಇಕ್ಕಟ್ಟಾದ ಹಾದಿಯಲ್ಲಿ ದೊಡ್ಡ ಎಂಜಿನಿನ ಅಮೆರಿಕನ್ ಗಾಡಿ ಮೈ ತಿರುಗಿಸುವಷ್ಟರಲ್ಲಿ ಈ ಗಾಡಿ ಎರಡು ಶಂಕು ದಾಟಿರುತ್ತಿತ್ತು.

ಹಾಗಿದ್ದರೂ ಎಲ್ಲ ಗಾಡಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲವಷ್ಟೆ. ಆದ್ದರಿಂದ ವರ್ಗಗಳು ಹುಟ್ಟಿದವು. 1973ರಲ್ಲಿ ಸಂಘವು ಆಟೋಕ್ರಾಸಿನ ಮೊದಲ ರಾಷ್ಟ್ರೀಯ ಪಂದ್ಯವನ್ನು ನಡೆಸಿತು. ಕಾರ್ಖಾನೆಯಿಂದ ಬಂದ ಹಾಗೆಯೇ ಇರುವ ಗಾಡಿಗಳಿಗೆ ಒಂದು ಗುಂಪು, ಅಲ್ಪಸ್ವಲ್ಪ ತಿದ್ದಿದವಕ್ಕೆ ಇನ್ನೊಂದು, ಗುರುತು ಸಿಗದಷ್ಟು ಮಾರ್ಪಟ್ಟವಕ್ಕೆ ಮತ್ತೊಂದು ಎಂದು ವಿಂಗಡಣೆ ಬೆಳೆಯಿತು. ಗೆಲುವಿಗೆ ಯೋಗ್ಯವಾದ ಗಾಡಿ ಯಾವುದೆಂದು ತೀರ್ಮಾನಿಸುವ ಅಧಿಕಾರವು ಹೀಗೆ ಮೆಲ್ಲಗೆ ಕಾರ್ಖಾನೆಯಿಂದ ನಿಯಮದ ಪುಸ್ತಕಕ್ಕೆ ಸರಿಯಿತು.

ಅಷ್ಟರಲ್ಲಿ ಇಂಗ್ಲಿಷರ ರೋಡ್‌ಸ್ಟರುಗಳಿಗೆ ಮುಪ್ಪು ಬಂದಿತ್ತು. ಎಂ.ಜಿ.ಬಿ. ಮತ್ತು ಟ್ರಯಂಫ್ ಸ್ಪಿಟ್‌ಫೈರ್ ಎರಡರ ತಯಾರಿಕೆಯೂ 1980ರಲ್ಲಿ ನಿಂತುಹೋಯಿತು. ಬಿಟ್ಟ ಜಾಗವನ್ನು ತುಂಬಿದವರು ಜಪಾನೀಯರು. ಬಾಬ್ ಹಾಲ್ ಎಂಬ ಅಮೆರಿಕನ್ ಪತ್ರಕರ್ತ 1970ರ ದಶಕದ ಕೊನೆಯಲ್ಲಿ ಮಜ್ದಾ ಕಂಪನಿಯ ಕೆನಿಚಿ ಯಮಾಮೊಟೊ ಅವರಿಗೆ ಇಂಗ್ಲಿಷರ ಮಾದರಿಯ ಅಗ್ಗದ ಹಗುರ ಗಾಡಿಯನ್ನು ಮಾಡಿರೆಂದು ಸೂಚಿಸಿದ. ಆ ಬೀಜ ಮೊಳೆತು 1989ರ ಫೆಬ್ರವರಿಯಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಮಿಯಾಟಾ ಎಂಬ ಹೆಸರಿನಿಂದ ಹೊರಬಂದಿತು: 1.6 ಲೀಟರು, 116 ಅಶ್ವಶಕ್ತಿ, ಸಾವಿರ ಕಿಲೋಗ್ರಾಮಿನೊಳಗಿನ ತೂಕ. ಕುದುರೆಯೂ ಸವಾರನೂ ಒಂದೇ ದೇಹವಾಗಿರಬೇಕೆಂಬ ಅರ್ಥದ ಜಪಾನೀ ನುಡಿಯನ್ನು ಅದರ ನಿರ್ಮಾಪಕರು ಧ್ಯೇಯವಾಗಿಟ್ಟುಕೊಂಡಿದ್ದರು. ಕುದುರೆ ಎಲ್ಲಿ ಹೋದರೂ ಈ ಆಟದ ಬೆನ್ನು ಬಿಡುವುದಿಲ್ಲ! 2016ರ ವೇಳೆಗೆ ಹತ್ತು ಲಕ್ಷ ಗಾಡಿಗಳು ತಯಾರಾದವು. ಇನ್ನೊಂದು ಕಡೆ ಹೋಂಡಾ ಕಂಪನಿ ತನ್ನ ಐವತ್ತನೆಯ ವರ್ಷದ ನೆನಪಿಗಾಗಿ 1999ರಲ್ಲಿ ಎಸ್-2000 ಎಂಬ ರೋಡ್‌ಸ್ಟರನ್ನು ಹೊರತಂದಿತು. ಎರಡು ಲೀಟರಿನ ಎಂಜಿನಿನಿಂದ 240 ಅಶ್ವಶಕ್ತಿ. ನಿಮಿಷಕ್ಕೆ ಒಂಬತ್ತು ಸಾವಿರ ಸುತ್ತಿನವರೆಗೆ ಅದು ತಿರುಗಬಲ್ಲದು.

ಇಂಥ ಹೊತ್ತಿನಲ್ಲಿ, 2010ರ ಸುಮಾರಿಗೆ, ಸಂಘವು ‘ಸ್ಟ್ರೀಟ್ ಟೂರಿಂಗ್ ರೋಡ್‌ಸ್ಟರ್’ ಎಂಬ ಹೊಸ ವರ್ಗವನ್ನು ತೆರೆಯಿತು. ರಸ್ತೆಯ ಮೇಲೆ ಓಡುವ ಗಾಡಿ, ರಸ್ತೆಯ ಟೈರು. ಸ್ಪ್ರಿಂಗು, ಷಾಕ್ ಅಬ್ಸಾರ್ಬರುಗಳನ್ನು ಬದಲಿಸಬಹುದು, ಎಂಜಿನಿನ ಒಡಲಿಗೆ ಕೈ ಹಾಕಬಾರದು. ಎಲ್ಲಕ್ಕೂ ಮುಖ್ಯವಾದ ಮಾತೊಂದಿತ್ತು: ಟೈರಿನ ಅಗಲ 255 ಮಿಲಿಮೀಟರು, ಚಕ್ರದ ಅಗಲ 9 ಇಂಚು ಮೀರಕೂಡದು. ಹಳೆಯ ವರ್ಗದಲ್ಲಾದರೆ ಹೋದ ವರ್ಷ ಗೆದ್ದವನ ಗಾಡಿಯನ್ನು ನೋಡಿ ಅಂಥದನ್ನೇ ಕೊಳ್ಳಬಹುದು. ಹೊಸ ವರ್ಗದಲ್ಲಿ ಗೆದ್ದವನೇ ಇಲ್ಲ. ಹವ್ಯಾಸಿಯ ಮುಂದಿದ್ದುದು ಕಾಗದ, ಪೆನ್ಸಿಲು, ನಿಯಮದ ಪುಸ್ತಕ ಮಾತ್ರ.

ಆ ಲೆಕ್ಕವನ್ನು ನಾವೂ ಹಾಕಿ ನೋಡೋಣ. ಎಸ್-2000ದ ತೂಕ ಸುಮಾರು 1,250 ಕಿಲೋಗ್ರಾಂ. ಒಂದು ಅಶ್ವಶಕ್ತಿ ಎಳೆಯಬೇಕಾದ ಭಾರ ಐದು ಕಿಲೋಗ್ರಾಮಿಗಿಂತ ತುಸು ಹೆಚ್ಚು. 2005ರಲ್ಲಿ ಬಂದ ಮೂರನೆಯ ಪೀಳಿಗೆಯ ಮಜ್ದಾ ಎಂಎಕ್ಸ್-5 ಸುಮಾರು 170 ಅಶ್ವಶಕ್ತಿಯದು, 1,120 ಕಿಲೋಗ್ರಾಮಿನದು. ಅದಕ್ಕೆ ಆರೂವರೆ ಬೀಳುತ್ತದೆ. ಆಸನಗಳ ಬೆನ್ನಿಗೇ ಎಂಜಿನು ಹೊತ್ತ ಟೊಯೋಟಾ ಎಂ.ಆರ್.-2 ಸ್ಪೈಡರ್ ಒಂದು ಸಾವಿರ ಕಿಲೋಗ್ರಾಮಿನ ಹತ್ತಿರ. 138 ಅಶ್ವಶಕ್ತಿಗೆ ಹಂಚಿದರೆ ಏಳಕ್ಕೂ ಮೇಲೆ. ಇಷ್ಟೇ ನೋಡಿದರೆ ಹೋಂಡಾ ಗೆದ್ದಂತೆಯೇ. ಆದರೆ ನಾಲ್ಕು ಟೈರುಗಳ ಅಗಲ ಕೂಡಿಸಿದರೆ ಎಲ್ಲರಿಗೂ ಸಿಗುವುದು 1,020 ಮಿಲಿಮೀಟರು. ಅದನ್ನು ತೂಕಕ್ಕೆ ಹಂಚಿ ನೋಡಿ: ಹೋಂಡಾದ ಒಂದು ಕಿಲೋಗ್ರಾಮಿಗೆ 0.8 ಮಿಲಿಮೀಟರು, ಟೊಯೋಟಾಕ್ಕೆ ಒಂದು ಪೂರ್ತಿ ಮಿಲಿಮೀಟರು. ತಿರುವಿನಲ್ಲಿ ನೆಲವನ್ನು ಹಿಡಿಯುವುದು ಟೈರು. ಹಗುರ ಗಾಡಿಗೆ ಕಟ್ಟಳೆಯೇ ಹೆಚ್ಚಿನ ಹಿಡಿತವನ್ನು ದಾನ ಮಾಡಿದಂತಾಯಿತು.

ಗೇರಿನ ಲೆಕ್ಕವೂ ಉಂಟು. ಈ ಹಾದಿಗಳಲ್ಲಿ ವೇಗ ಗಂಟೆಗೆ ನೂರು ಕಿಲೋಮೀಟರನ್ನು ಸುಮ್ಮನೆ ಮುಟ್ಟಿ ಬರುವಂಥದು. ಬಹುಪಾಲು ಓಟ ಎರಡನೆಯ ಗೇರಿನಲ್ಲೇ. ಮೊದಲ ಮಿಯಾಟಾ ಎರಡನೆಯ ಗೇರಿನಲ್ಲಿ 95ರ ಹತ್ತಿರ ಉಸಿರು ಬಿಗಿಹಿಡಿದರೆ, ಎಸ್-2000 ನೂರನ್ನು ನಿರಾಯಾಸವಾಗಿ ದಾಟುತ್ತದೆ. ಗೇರು ಬದಲಿಸುವ ಒಂದು ಕ್ಷಣ ಉಳಿಯಿತು. ಒಂದು ನಿಮಿಷದ ಓಟದಲ್ಲಿ ಆ ಕ್ಷಣವೇ ಬಹುಮಾನ. ಆದರೆ ಆರು ಸಾವಿರ ಸುತ್ತು ದಾಟಿದ ಮೇಲೆಯೇ ಆ ಎಂಜಿನಿನ ಪೂರ್ಣ ಬಲ ಏಳುವುದು. ನಿಧಾನದ ತಿರುವಿನಿಂದ ಹೊರಬರುವಾಗ ಅದು ತೂಕಡಿಸುತ್ತದೆ. 2004ರಲ್ಲಿ ಅಮೆರಿಕಕ್ಕೆ ಬಂದ 2.2 ಲೀಟರಿನ ಎಂಜಿನು ಈ ಕೊರತೆಯನ್ನು ಒಂದಿಷ್ಟು ತುಂಬಿತು. ಎಂ.ಆರ್.-2ರದು ಮತ್ತೊಂದು ಕಥೆ: ಭಾರವೆಲ್ಲ ಹಿಂದೆ, ಚಾಲಕನ ಕಾಲು ಒಂದಿಷ್ಟು ಅವಸರಪಟ್ಟರೆ ಗಾಡಿ ಬುಗುರಿಯಾಗುತ್ತದೆ.

ಫಲವೇನಾಯಿತು? ಆರಂಭದ ವರ್ಷಗಳಲ್ಲಿ ಎಸ್-2000 ಮತ್ತು ಎಂಎಕ್ಸ್-5 ಇವೆರಡೇ ಮುಂದೆ ನಿಂತವು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹೋಂಡಾ ಕಂಪನಿ ಎಸ್-2000ದ ತಯಾರಿಕೆಯನ್ನು 2009ರಲ್ಲೇ ನಿಲ್ಲಿಸಿತ್ತು. ವರ್ಗ ಹುಟ್ಟುವ ಹೊತ್ತಿಗೆ ಅದರ ವರ ಮನೆ ಖಾಲಿ ಮಾಡಿದ್ದ! ಇದ್ದ ಗಾಡಿಗಳು ಸವೆದವು, ಕೆಲವು ಗುದ್ದಿಸಿಕೊಂಡವು, ಅಚ್ಚುಕಟ್ಟಾಗಿ ಉಳಿದವನ್ನು ಸಂಗ್ರಾಹಕರು ಗ್ಯಾರೇಜಿನಲ್ಲಿಟ್ಟು ಬೀಗ ಹಾಕಿದರು. ಬೆಲೆ ಏರುತ್ತ ಹೋಯಿತು. ಗುಮಾಸ್ತನೋ ಶಿಕ್ಷಕನೋ ಹಳೆಯ ಗಾಡಿಯೆಂದು ಕೊಂಡು ಭಾನುವಾರ ಓಡಿಸಬಹುದಾಗಿದ್ದ ಕಾರು, ಶಂಕುವಿನ ಗೀರು ಬಿದ್ದರೂ ಎದೆ ನಡುಗಿಸುವ ಆಸ್ತಿಯಾಯಿತು. 2015ರಲ್ಲಿ ಬಂದ ನಾಲ್ಕನೆಯ ಪೀಳಿಗೆಯ ಎಂಎಕ್ಸ್-5 ಮತ್ತೆ ಒಂದು ಸಾವಿರ ಕಿಲೋಗ್ರಾಮಿನ ಸಮೀಪಕ್ಕೆ ಇಳಿಯಿತು. 2019ರ ಮಾದರಿಯಲ್ಲಿ ಶಕ್ತಿ 181ಕ್ಕೆ ಏರಿತು. ಲೆಕ್ಕದ ಹಾಳೆಯಲ್ಲಿ ಹಗುರ ಗಾಡಿಗಿದ್ದ ಕೊರತೆ ಬಹುಮಟ್ಟಿಗೆ ತುಂಬಿಹೋಯಿತು.

ಹವ್ಯಾಸಿ ಪಂದ್ಯದ ನಿಜವಾದ ಕಷ್ಟ ಇಲ್ಲೇ ಇದೆ. ವರ್ಗವನ್ನು ತೆರೆಯುವಾಗ ಹಲವು ಬಗೆಯ ಗಾಡಿಗಳು ಕೂಡಿ ಆಡಲೆಂದು ಆಶಿಸುತ್ತಾರೆ. ಕೆಲವೇ ವರ್ಷಗಳಲ್ಲಿ ಲೆಕ್ಕಗಾರರು ‘ಸರಿಯಾದ’ ಗಾಡಿಯನ್ನು ಕಂಡುಹಿಡಿಯುತ್ತಾರೆ. ಅಲ್ಲಿಂದ ಮುಂದೆ ಬೇರೆ ಗಾಡಿಯವನು ಸೋತರೆ ಅದು ಕೈಯ ಸೋಲೋ, ಕಿಸೆಯ ಸೋಲೋ ತಿಳಿಯದು. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಇಲ್ಲಿ ಒಮ್ಮೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ಸ್ಥಳೀಯ ಪಂದ್ಯಗಳಲ್ಲಿ ಬೇರೆಬೇರೆ ವರ್ಗಗಳ ವೇಳೆಯನ್ನು ಒಂದು ಗುಣಾಂಕದಿಂದ ಗುಣಿಸಿ ಹೋಲಿಸುವ ಪದ್ಧತಿಯನ್ನು ಅಮೆರಿಕದವರು ಮಾಡಿಕೊಂಡಿದ್ದಾರೆ. ಆದರೆ ಒಂದೇ ವರ್ಗದೊಳಗಿನ ಡೊಂಕನ್ನು ಆ ಗುಣಾಕಾರ ತಿದ್ದಲಾರದು.

ಹೊಸ ವರ್ಗಕ್ಕೆ ಗಾಡಿ ಹುಡುಕುವವನಿಗೆ ಈ ಚರಿತ್ರೆ ಹೇಳುವ ಬುದ್ಧಿಮಾತು ಸಣ್ಣದು. ಅಶ್ವಶಕ್ತಿಯ ಅಂಕಿಗೆ ಮರುಳಾಗುವ ಮೊದಲು ಟೈರಿನ ಅಗಲದ ಸಾಲನ್ನು ಓದಬೇಕು. ಅದಕ್ಕೂ ಮೊದಲು ಆ ಗಾಡಿ ಹತ್ತು ವರ್ಷದ ಮೇಲೂ ಸಾಮಾನ್ಯನ ಕೈಗೆ ಸಿಕ್ಕೀತೇ ಎಂದು ಕೇಳಿಕೊಳ್ಳಬೇಕು. ಕಟ್ಟಳೆ ಬರೆಯುವವರು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ. ರೂರ್ಕಿಯ ಬಯಲಿನಲ್ಲಿ ಕೋಲುಗಳ ನಡುವೆ ಸುಳಿದವರು ತಮ್ಮ ಬಳಿಯಿದ್ದ ಕುದುರೆಯನ್ನೇರಿಯೇ ಆಡಲು ಬಂದವರು. ಇರುವ ಗಾಡಿಯಲ್ಲೇ ಬಂದವನಿಗೂ ಸಾಲಿನಲ್ಲಿ ಜಾಗವಿರುವವರೆಗೆ ಇದು ಹವ್ಯಾಸಿಗಳ ಆಟವೆನಿಸಿಕೊಂಡೀತು.