ಹಳೇ ಕಾರು: ಮೊದಲು ಎಲ್ಲಿ ಕೈ ಹಾಕಬೇಕು?

ಹಳೆಯ ಕಾರೊಂದನ್ನು ಮತ್ತೆ ಮೊದಲಿನಂತೆ ಮಾಡಬೇಕು ಅಂದರೆ ಎಲ್ಲಿಂದ ಶುರು ಮಾಡಬೇಕು? ಮೂವರನ್ನು ಕೇಳಿದರೆ ಮೂರು ಉತ್ತರ. ಮೆಕ್ಯಾನಿಕ್ “ಮೊದ್ಲು ಇಂಜಿನ್ ಇಳಿಸೋಣ ಸಾರ್” ಅಂತಾನೆ. ಟಿಂಕರಿಂಗ್ ಮಾಡುವವನು ತಗಡು ಅಂತಾನೆ. ಮನೆಯವರು “ಮೊದ್ಲು ಒಂದು ಬಣ್ಣ ಹೊಡೆಸಿ, ನೋಡೋಕಾಗಲ್ಲ” ಅಂತಾರೆ. ಹಳೇ ಕಾರುಗಳ ಚರಿತ್ರೆ ಓದುತ್ತಾ ಹೋದಾಗ ನನಗೆ ಅನ್ನಿಸಿದ್ದು, ಈ ಪ್ರಶ್ನೆಗೂ ಮುಂಚೆ ಇನ್ನೊಂದು ಪ್ರಶ್ನೆ ಇದೆ ಅಂತ. ಮೊದಲಿನಂತೆ ಅಂದರೆ ಯಾವ ‘ಮೊದಲು’? ಯಾವ ಇಸವಿ?

ಇದು ನಮ್ಮ ಮನೆಯಲ್ಲೇ ಎದ್ದ ಪ್ರಶ್ನೆ. ಊರ ಮನೆಯ ಕೊಟ್ಟಿಗೆಯಲ್ಲಿ 1966ರ ಫಿಯೆಟ್ 1100 ಡಿಲೈಟ್ ನಿಂತಿದೆ. ಅಪ್ಪ 1974ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಹುಟ್ಟಿದಾಗ ಅದರ ಬಣ್ಣ ಬೂದು. ಅಕ್ಕನ ಮದುವೆಗೆ ಅಂತ 1983ರಲ್ಲಿ ಅಪ್ಪ ಅದಕ್ಕೆ ಕಡುನೀಲಿ ಹೊಡೆಸಿದರು. ಅಪ್ಪ ಹೋದ ಮೇಲೆ ಅದು ಅಲ್ಲಾಡಿಲ್ಲ. ಅಣ್ಣನಿಗೆ ಅದು 1966ರಲ್ಲಿ ಷೋರೂಮಿನಿಂದ ಬಂದ ಹಾಗೆ ಬೂದು ಬಣ್ಣದಲ್ಲಿ ಕಾಣಬೇಕು. ಅಮ್ಮ ಮಾತ್ರ, “ಆ ಬೂದು ಕಾರು ಯಾರದ್ದೋ, ನನಗೆ ಗೊತ್ತಿಲ್ಲ. ನಿಮ್ಮಪ್ಪಂದು ನೀಲಿದು” ಅಂದುಬಿಟ್ಟರು.

ಇಂಥದೇ ಪ್ರಶ್ನೆ ಲಂಡನ್ನಿನ ಕೋರ್ಟಿನ ಮೆಟ್ಟಿಲನ್ನೂ ಹತ್ತಿತ್ತು. ‘ಓಲ್ಡ್ ನಂಬರ್ ಒನ್’ ಅನ್ನುವ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರು 1929 ಮತ್ತು 1930ರಲ್ಲಿ ಸತತವಾಗಿ ಲೆ ಮಾನ್ಸ್‌ನ 24 ಗಂಟೆಗಳ ರೇಸ್ ಗೆದ್ದಿತ್ತು. ಆಮೇಲೆ ಅದನ್ನು ಬಿಚ್ಚಿ ಬದಲಾಯಿಸಿ, 8 ಲೀಟರಿನ ಇಂಜಿನ್ ಕೂರಿಸಿದರು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಅಪಘಾತವಾಗಿ ಚಾಲಕ ಕ್ಲೈವ್ ಡನ್‌ಫೀ ತೀರಿಕೊಂಡರು. ಮತ್ತೆ ಅದಕ್ಕೆ ಬೇರೆ ಬಾಡಿ ಕಟ್ಟಿದರು. 1990ರಲ್ಲಿ ಅದರ ಒಡೆಯ ಹಬ್ಬರ್ಡ್ ಅದನ್ನು ಒಂದು ಕೋಟಿ ಪೌಂಡಿಗೆ ಮಾರಲು ಒಪ್ಪಂದ ಮಾಡಿಕೊಂಡಾಗ, “ಇದರಲ್ಲಿ ರೇಸ್ ಗೆದ್ದ ಕಾರಿನದ್ದು ಏನೂ ಉಳಿದೇ ಇಲ್ಲವಲ್ಲ” ಅಂತ ಕೊಳ್ಳುವವರು ಹಿಂದೆ ಸರಿದರು. ನ್ಯಾಯಾಧೀಶರು ತೀರ್ಪು ಕೊಟ್ಟದ್ದು ಹಬ್ಬರ್ಡ್ ಪರ. ಇದನ್ನು ‘ಮೂಲ’ ಕಾರು ಅನ್ನಲಾಗದು, ಆದರೆ ಇದು ಅಸಲಿ ಓಲ್ಡ್ ನಂಬರ್ ಒನ್ನೇ. ಭಾಗಗಳು ಬದಲಾದರೂ ಕಾರಿನ ಬದುಕು ಎಲ್ಲೂ ತುಂಡಾಗಿಲ್ಲ ಅನ್ನುವುದು ಅದರ ಸಾರ. ಅಂದರೆ ನಡುವೆ ಆದ ರಿಪೇರಿಗಳೂ ಕಾರಿನ ಚರಿತ್ರೆಗೆ ಸೇರಿದವು. ಅಮ್ಮ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ ಅಲ್ಲವೇ?

ಇನ್ನೊಂದು ಕಥೆ ಇದಕ್ಕೆ ತೀರಾ ಉಲ್ಟಾ. 1925ರ ಬುಗಾಟ್ಟಿ ಬ್ರೆಸಿಯಾ ಕಾರೊಂದು ಸ್ವಿಟ್ಜರ್ಲೆಂಡಿನ ಅಸ್ಕೋನಾ ಹತ್ತಿರ ಮಾಜೋರೆ ಸರೋವರದ ತಳದಲ್ಲಿ ದಶಕಗಟ್ಟಲೆ ಬಿದ್ದಿತ್ತು. ಸುಂಕ ಕಟ್ಟದ್ದರಿಂದ ಅಧಿಕಾರಿಗಳೇ ಮುಳುಗಿಸಿದರು ಅಂತ ಪ್ರತೀತಿ. 2009ರಲ್ಲಿ ಮೇಲೆತ್ತಿದಾಗ ಅದರ ಒಂದು ಪಕ್ಕವೇ ತಿಂದುಹೋಗಿತ್ತು. 2010ರ ಜನವರಿಯಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಅದಕ್ಕೆ 2,60,500 ಯೂರೋ ಸಿಕ್ಕಿತು! ಕೊಂಡ ಕ್ಯಾಲಿಫೋರ್ನಿಯಾದ ಮುಲಿನ್ ಮ್ಯೂಸಿಯಂನವರು ಒಂದು ಬೋಲ್ಟನ್ನೂ ಬದಲಾಯಿಸದೆ, ತುಕ್ಕು ಸಮೇತ ಹಾಗೇ ಪ್ರದರ್ಶನಕ್ಕಿಟ್ಟರು. ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೆ ‘ಶುರುವೇ ಮಾಡಬೇಡಿ’ ಅನ್ನುವುದೂ ಒಂದು ಉತ್ತರ ನೋಡಿ.

ಆದರೆ ನಮ್ಮ ಫಿಯೆಟ್ ಮ್ಯೂಸಿಯಂಗೆ ಹೋಗುವುದಲ್ಲ, ಓಡಬೇಕಾದ್ದು. ಹಾಗಾಗಿ ಅದರ ಹುಟ್ಟಿನ ಕಥೆಯನ್ನೂ ಸ್ವಲ್ಪ ಕೆದಕಬೇಕಾಯಿತು. ಅದರಲ್ಲಿ ನಮ್ಮ ನಾಡಿನ ಪಾಲೂ ಇದೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಮಾಡಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದರು, ಮೈಸೂರು ಸರ್ಕಾರವೂ ಮನಸ್ಸು ಮಾಡಿತ್ತು. ಬ್ರಿಟಿಷ್ ಸರ್ಕಾರ ಸೊಪ್ಪು ಹಾಕಲಿಲ್ಲ. ಅದೇ ವಾಲ್‌ಚಂದ್ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದರು, ಅದೇ ನಮ್ಮ ಎಚ್‌ಎಎಲ್. ಕಾರಿನ ಕನಸು 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಆಗಿ ಮುಂಬಯಿಗೆ ಹೋಯಿತು. ಇಟಲಿಯಲ್ಲಿ ದಾಂತೆ ಜಕೋಸಾ ರೂಪಿಸಿ, 1953ರಲ್ಲಿ ಜಿನೀವಾದಲ್ಲಿ ತೋರಿಸಿದ ಫಿಯೆಟ್ 1100, ಮುಂದೆ ಕುರ್ಲಾದಲ್ಲಿ ಜೋಡಣೆಯಾಗತೊಡಗಿತು. 1964ರಲ್ಲಿ ಡಿಲೈಟ್ ಬಂತು. 1970ರ ದಶಕದಲ್ಲಿ ಫಿಯೆಟ್ ಹೆಸರು ಹೋಗಿ ಪ್ರೀಮಿಯರ್ ಪ್ರೆಸಿಡೆಂಟ್, ಆಮೇಲೆ ಪದ್ಮಿನಿ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ.

ಈ ಚರಿತ್ರೆಯಲ್ಲೇ ಎಲ್ಲಿಂದ ಶುರು ಅನ್ನುವುದಕ್ಕೆ ಉತ್ತರವೂ ಇದೆ. ಅದೇ 1089 ಸಿಸಿ ಇಂಜಿನ್ನಿನ ವಂಶ ಪದ್ಮಿನಿಯಲ್ಲಿ ದಶಕಗಟ್ಟಲೆ ಓಡಿತು. ಹಾಗಾಗಿ ಅದರ ಬಿಡಿಭಾಗ, ಅದನ್ನು ಬಲ್ಲ ಕೈ, ಎರಡೂ ಹುಡುಕಿದರೆ ಸಿಗುತ್ತವೆ. ಇಂಜಿನ್ ಕಾಯಬಲ್ಲದು. ತಗಡು ಕಾಯುವುದಿಲ್ಲ. 1100 ಹಳೇ ಕಾಲದ ಜೀಪಿನ ಹಾಗಲ್ಲ. ಅದಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಬೆನ್ನೆಲುಬು. ನೆಲದ ತಗಡು, ಬಾಗಿಲ ಕೆಳಗಿನ ಉದ್ದ ಪಟ್ಟಿ ತುಕ್ಕು ತಿಂದರೆ ಕಾರೇ ನಡು ಬಗ್ಗುತ್ತದೆ. ಜಾಕ್ ಹಾಕಿ ಎತ್ತಿದಾಗ ಬಾಗಿಲ ಸಂದು ಕಿರಿದಾದರೆ, ಬಾಗಿಲು ಸಿಕ್ಕಿಕೊಂಡರೆ, ಅಲ್ಲಿಗೆ ಗೊತ್ತಾಯಿತು. ಸಣ್ಣ ಆಯಸ್ಕಾಂತ ಹಿಡಿದು ಸುತ್ತ ಆಡಿಸಿದರೆ, ಅದು ಅಂಟದ ಕಡೆ ಬಣ್ಣದ ಕೆಳಗೆ ಬರೀ ಪುಟ್ಟಿ ತುಂಬಿದೆ ಅಂತ ಅರ್ಥ. ಎಲ್ಲಕ್ಕಿಂತ ಮೊದಲು ಬಣ್ಣ ಹೊಡೆಸುವುದು ಅಂದರೆ ಗೆದ್ದಲು ಹಿಡಿದ ಬಾಗಿಲಿಗೆ ತೋರಣ ಕಟ್ಟಿದ ಹಾಗೆ.

ತಗಡಿಗೂ ಮುಂಚೆ ಕಾಗದಪತ್ರ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಬಾಡಿ-ಇಂಜಿನ್ ಮಾರ್ಪಡಿಸದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೇ ನಂಬರನ್ನು ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ, ‘ಎಂವೈ’ ಅಂತ ಶುರುವಾಗುವ ನಮ್ಮ ನಂಬರ್ ಪ್ಲೇಟಿಗೆ ಇದಕ್ಕಿಂತ ಬೇರೆ ಭಾಗ್ಯ ಬೇಕೇ? ಆದರೆ ಆರ್‌ಸಿ ಬುಕ್ಕಿನ ಇಂಜಿನ್ ನಂಬರಿಗೂ ಗಾಡಿಯ ಮೇಲಿನ ನಂಬರಿಗೂ ತಾಳೆಯಾಗಬೇಕು. ಅದನ್ನು ನೋಡದೆ ಸ್ಪ್ಯಾನರ್ ಎತ್ತಬಾರದು.

ಕೊನೆಗೆ ನಾವು ಮಾಡಿಕೊಂಡ ಕ್ರಮ ಇಷ್ಟು. ಮೊದಲು ಕಾಗದ. ಆಮೇಲೆ ಏನನ್ನೂ ಬಿಚ್ಚುವ ಮುಂಚೆ ಎಲ್ಲ ಕಡೆಯಿಂದ ಫೋಟೋ. ನಂತರ ನೆಲದ ತಗಡು. ಆಮೇಲೆ ಬ್ರೇಕು. ಅದಾದ ಮೇಲೆ ಇಂಜಿನ್; ಅದೂ ಸೆಲ್ಫ್ ಹೊಡೆಯದೆ, ಪ್ಲಗ್ ಬಿಚ್ಚಿ ಸಿಲಿಂಡರಿಗೆ ಎಣ್ಣೆ ಬಿಟ್ಟು, ಕೈಯಲ್ಲೇ ಮೆಲ್ಲಗೆ ತಿರುಗಿಸಿ ನೋಡುವುದು. ಬಣ್ಣ ಎಲ್ಲಕ್ಕಿಂತ ಕೊನೆಗೆ.

ಬಣ್ಣ ಯಾವುದು ಅಂತೀರಾ? ನೀಲಿಯೇ. ಅಣ್ಣನೂ ಒಪ್ಪಿದ, ಒಂದು ಷರತ್ತಿನ ಮೇಲೆ. ಡಿಕ್ಕಿಯ ಮುಚ್ಚಳದ ಒಳಗೆ, ಅಪ್ಪ ಬಣ್ಣ ಹೊಡೆಸದೆ ಬಿಟ್ಟ ಅಂಗೈಯಗಲ ಜಾಗದಲ್ಲಿ 1966ರ ಬೂದು ಇನ್ನೂ ಇದೆ. ಅದನ್ನು ಯಾರೂ ಮುಟ್ಟುವ ಹಾಗಿಲ್ಲ.