ಜಗುಲಿಯ ಹೊಗೆ

ತಂಬಾಕು ನಮ್ಮ ನೆಲದ ಬೆಳೆಯಲ್ಲ. ಅಮೆರಿಕಾ ಖಂಡದ ಗಿಡ, ಪೋರ್ಚುಗೀಸರೊಡನೆ ಬಂದದ್ದು. ಅದು ಮೊಗಲರ ಆಸ್ಥಾನವನ್ನು ಹೊಕ್ಕದ್ದು ನಮ್ಮ ಬಿಜಾಪುರದಿಂದ ಎಂಬುದು ಕುತೂಹಲಕರವಾದ ಸಂಗತಿ. ಆದಿಲಶಾಹಿ ರಾಜಧಾನಿಗೆ ಹೋಗಿದ್ದ ಅಸದ್ ಬೇಗನು ಈ ಎಲೆಯನ್ನು ಅಲ್ಲಿ ಕಂಡು ಬೆರಗಾಗಿ, ರತ್ನಖಚಿತವಾದ ಕೊಳವೆಯೊಂದನ್ನು ಸಿದ್ಧಪಡಿಸಿ, 1604-05ರ ಸುಮಾರಿಗೆ ಅಕ್ಬರನಿಗೆ ಒಪ್ಪಿಸಿದನು. ವೈದ್ಯರು ಬೇಡವೆಂದರೂ ಬಾದಶಹನು ಸೇದಿ ನೋಡಿದನು. ಆದರೆ ಅಭ್ಯಾಸ ಮಾಡಿಕೊಳ್ಳಲಿಲ್ಲ. ಆಸ್ಥಾನಿಕರು ಮಾಡಿಕೊಂಡರು. 1617ರಲ್ಲಿ ಅವನ ಮಗ ಜಹಾಂಗೀರನು ಧೂಮಪಾನವನ್ನು ನಿಷೇಧಿಸಿದನು. ಆಜ್ಞೆ ಹೊರಡಿಸಿದವನು ಸ್ವತಃ ಮದ್ಯಕ್ಕೂ ಅಫೀಮಿಗೂ ದಾಸನಾಗಿದ್ದನು. ತನ್ನ ಆತ್ಮಕಥನದಲ್ಲಿ ತಾನೇ ಅದನ್ನು ಬರೆದುಕೊಂಡಿದ್ದಾನೆ. ಆ ಆಜ್ಞೆ ನಿಲ್ಲಲಿಲ್ಲವೆಂದರೆ ಆಶ್ಚರ್ಯವೇನು?

ಮನೆಗಳಲ್ಲಿಯೂ ನಡೆಯುವುದು ಇದೇ. 1925ರಿಂದ ‘ನವಜೀವನ’ದಲ್ಲಿ ಕಂತುಕಂತಾಗಿ ಬಂದ ಆತ್ಮಕಥೆಯಲ್ಲಿ ಗಾಂಧೀಜಿ ತಮ್ಮ 12-13ನೆಯ ವಯಸ್ಸಿನ ಪ್ರಸಂಗವೊಂದನ್ನು ಹೇಳಿದ್ದಾರೆ. ಮನೆತನ ವೈಷ್ಣವರದು, ತಾಯಿ ಪುತಲೀಬಾಯಿ ಕಠಿಣ ವ್ರತಗಳನ್ನು ನಡೆಸುವವರು. ಆದರೆ ಚಿಕ್ಕಪ್ಪನೊಬ್ಬನಿಗೆ ಸಿಗರೇಟಿನ ಚಟ. ಅವನು ಬಿಡುವ ಹೊಗೆಯನ್ನು ನೋಡಿದ ಬಾಲಕನಿಗೂ ಜೊತೆಯ ನೆಂಟ ಹುಡುಗನಿಗೂ ತಾವೂ ಬಿಡಬೇಕೆನಿಸಿತು. ಮೊದಲು ಅವನು ಸೇದಿ ಬಿಸುಟ ತುಂಡುಗಳನ್ನು ಕದ್ದರು. ಅವು ಸಾಲದಾದಾಗ ಆಳಿನ ಜೇಬಿನ ಕಾಸಿಗೆ ಕೈಹಾಕಿದರು. ಹಿರಿಯರಿಗೆ ತಿಳಿಯದಂತೆ ಬದುಕುವ ಬೇಸರ ಎಷ್ಟಕ್ಕೆ ಮುಟ್ಟಿತೆಂದರೆ, ಸಾಯಲೂ ಹೊರಟು, ಧೈರ್ಯ ಸಾಲದೆ ಮರಳಿದರು. ಆ ಬಳಿಕ ಸೇದುವುದೂ ಕದಿಯುವುದೂ ನಿಂತವು.

15ನೆಯ ವಯಸ್ಸಿನಲ್ಲಿ ಇನ್ನೊಂದು ಕಳವಾಯಿತು. ಅಣ್ಣನ ಸಾಲ ತೀರಿಸಲು ಅವನ ತೋಳಿನ ಕಡಗದಿಂದ ತುಸು ಚಿನ್ನವನ್ನು ಕತ್ತರಿಸಿದರು. ಈ ಸಲ ಹುಡುಗ ತಪ್ಪನ್ನು ಕಾಗದದಲ್ಲಿ ಬರೆದು ತಂದೆಯ ಕೈಗಿತ್ತನು. ಹಾಸಿಗೆ ಹಿಡಿದಿದ್ದ ಕರಮಚಂದ ಗಾಂಧಿ ಎದ್ದು ಕುಳಿತು ಓದಿದರು. ಕಣ್ಣೀರು ಹರಿದು ಕಾಗದ ನೆನೆಯಿತು. ಅದನ್ನು ಹರಿದುಹಾಕಿ ಮತ್ತೆ ಮಲಗಿದರು. ಬೈಗಳಿಲ್ಲ, ಹೊಡೆತವಿಲ್ಲ.

ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ಜಗುಲಿ ನೆನಪಾಗುತ್ತದೆ. ಊಟವಾದೊಡನೆ ತಂದೆಯವರು ಅಲ್ಲಿ ಕುಳಿತು, “ಒಂದು ಕೆಂಡ ತಾರೋ” ಎನ್ನುತ್ತಿದ್ದರು. ಒಲೆಯ ಕೆಂಡವನ್ನು ಇಕ್ಕಳದಲ್ಲಿ ಹಿಡಿದು ಓಡುವುದು ನನಗೆ ಹೆಮ್ಮೆಯ ಕೆಲಸ. ಹದಿನಾರರಲ್ಲಿ ನಾನು ಬೀಡಿಯೊಡನೆ ಸಿಕ್ಕಿಬಿದ್ದಾಗ ಬಾಸುಂಡೆ ಏಳುವಂತೆ ಹೊಡೆದರು. ಹೊಡೆದು ದಣಿದು, ಅದೇ ಜಗುಲಿಯಲ್ಲಿ ಕುಳಿತು ಬೀಡಿ ಹಚ್ಚಿದರು. ನಾನು ಆಮೇಲೆ ಇಪ್ಪತ್ತು ವರ್ಷ ಸೇದಿದೆ.

ಒಂದು ಸಂಜೆ ನನ್ನ ಐದು ವರ್ಷದ ಮಗ ಬಳಪವನ್ನು ತುಟಿಗಿಟ್ಟು, ಕಣ್ಣು ಕಿರಿದು ಮಾಡಿ, ಥೇಟು ನನ್ನಂತೆಯೇ ಬಾಯಿಯಿಂದ ಗಾಳಿ ಬಿಟ್ಟನು. ಅಂದೇ ಬಿಟ್ಟೆನೆಂದರೆ ಸುಳ್ಳಾದೀತು. ಅಂದಿನಿಂದ ಬಚ್ಚಲಮನೆಯ ಹಿಂದೆ ಕದ್ದು ಸೇದತೊಡಗಿದೆ. ತಂದೆಯಾದವನು ಮಗನಿಗೆ ಹೆದರಿ ಅಡಗುವ ನಾಚಿಕೆ ಕೆಲವು ತಿಂಗಳಲ್ಲಿ ಆ ಚಟವನ್ನು ಬಿಡಿಸಿತು.

18 ತುಂಬದವರಿಗೆ ತಂಬಾಕು ಮಾರಬಾರದೆಂದು 2003ರಲ್ಲಿ ಕೇಂದ್ರ ಸರ್ಕಾರ ಶಾಸನ ಮಾಡಿತು. ಅದು ಬೇಕಾದದ್ದೇ. ಆದರೆ ಅಂಗಡಿಯವನನ್ನು ತಡೆಯುವ ಕಾನೂನು ಕೆಂಡ ತರಿಸುವ ತಂದೆಯನ್ನು ತಡೆಯಲಾರದು.

ನನ್ನ ಮಗ ಈಗ ದೊಡ್ಡವನಾಗಿದ್ದಾನೆ, ಸೇದುವುದಿಲ್ಲ. ಅದು ನನ್ನ ಉಪದೇಶದ ಫಲವೆಂದು ಹೇಳಲಾರೆ. ಈ ವಿಷಯದಲ್ಲಿ ಅವನಿಗೆ ನಾನು ಉಪದೇಶ ಮಾಡಿದ್ದೇ ಇಲ್ಲ.